ಮಂಚದ ಕೆಳಗಿನ ಪೇಟಿ

ಸಿಂಧನೂರಿನಿಂದ ಮಾನ್ವಿಯ ಮಾರ್ಗವಾಗಿ ರಾಯಚೂರಿಗೆ ಹೋಗುವ ರಸ್ತೆಯಲ್ಲಿ ಜವಳಗೇರಾ ಸಿಗುತ್ತದೆ. ಮಳೆಯನ್ನೇ ನಂಬಿ ಜೋಳ, ಹತ್ತಿ ಬೆಳೆಯುತ್ತಿದ್ದ ಈ ಎರೆಭೂಮಿಗೆ ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಭತ್ತ ಬಂತು. ಭತ್ತದ ಹಿಂದೆ ಅಕ್ಕಿ ಗಿರಣಿಗಳು ಬಂದವು. ದೂರದೂರದ ಜನ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲೆಸಿದರು. ಜವಳಗೇರಾದಲ್ಲಿ ಸರ್ಕಾರದ ಬೀಜೋತ್ಪಾದನಾ ಕೃಷಿಕ್ಷೇತ್ರವೊಂದಿದೆ. ಮೊದಲು ರಾಜ್ಯ ಕೃಷಿಕ್ಷೇತ್ರಗಳ ನಿಗಮದ ಕೈಯಲ್ಲಿದ್ದ ಅದು 2014ರಿಂದ ರಾಷ್ಟ್ರೀಯ ಬೀಜ ನಿಗಮದ ಆಡಳಿತಕ್ಕೆ ಸೇರಿದೆ. ಈ ಸೀಮೆಯಲ್ಲಿ ತಿಂಗಳ ಸಂಬಳದ ನೌಕರಿ ಎಂದರೆ ಅಂತಹ ಕೃಷಿಕ್ಷೇತ್ರ, ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ, ಸಾರಿಗೆ ಸಂಸ್ಥೆಯ ಬಸ್ಸು, ಸರ್ಕಾರಿ ಶಾಲೆ, ಆಸ್ಪತ್ರೆ, ಕಚೇರಿ. ಇಲ್ಲಿಂದೆಲ್ಲ ವರ್ಷವರ್ಷವೂ ಕೆಲವರು ನಿವೃತ್ತರಾಗುತ್ತಾರೆ. ಅವರಲ್ಲಿ ನಮ್ಮ ಕ್ರೈಸ್ತ ಕುಟುಂಬಗಳವರೂ ಇದ್ದಾರೆ.

ಬೀಳ್ಕೊಡುಗೆಯ ಸಮಾರಂಭಗಳಿಗೆ ಧರ್ಮಗುರುಗಳನ್ನೂ ಕರೆಯುವ ವಾಡಿಕೆಯಿರುವುದರಿಂದ ನಾನು ಇಂತಹ ಅನೇಕ ವೇದಿಕೆಗಳ ಮೇಲೆ ಕುಳಿತಿದ್ದೇನೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ. ಇನ್ನು ಸಮಯ ನೋಡಬೇಕಾದ ಅಗತ್ಯವೇ ಇಲ್ಲದವನಿಗೆ ಗಡಿಯಾರವನ್ನೇ ಏಕೆ ಕೊಡುತ್ತಾರೋ ನನಗೆ ಇಂದಿಗೂ ತಿಳಿದಿಲ್ಲ. ಭಾಷಣ ಮಾಡಿದವರೆಲ್ಲರೂ ವಿಶ್ರಾಂತ ಜೀವನ ಸುಖಮಯವಾಗಿರಲೆಂದು ಹರಸುತ್ತಾರೆ. ಹಾಗೆ ಹರಸಿದವರಲ್ಲಿ ನಾನೂ ಒಬ್ಬ.

ಮರುದಿನ ಆ ಮನುಷ್ಯನಿಗೆ ರೂಢಿಯಂತೆ ಐದು ಗಂಟೆಗೆ ಎಚ್ಚರವಾಗುತ್ತದೆ. ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು ಬಾಗಿಲಲ್ಲಿ ನಿಲ್ಲುತ್ತಾನೆ, ಹೋಗಬೇಕಾದ ಸ್ಥಳವಿಲ್ಲ. ಮೊದಲ ತಿಂಗಳು ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕಳೆಯುತ್ತದೆ. ಎರಡನೆಯ ತಿಂಗಳು ನಳ ಬಂದ್ ಮಾಡಲಿಲ್ಲ, ದೀಪ ಆರಿಸಲಿಲ್ಲ ಎಂದು ಮನೆಯವರೊಡನೆ ಜಗಳ. ವರ್ಷ ತುಂಬುವುದರೊಳಗೆ ರಕ್ತದೊತ್ತಡದ ಗುಳಿಗೆ. ಪಾಪನಿವೇದನೆಯ ಪೀಠದಲ್ಲಿ ಕೇಳಿದ್ದನ್ನು ಹೇಳುವಂತಿಲ್ಲ. ಆದರೆ ಜಗುಲಿಯ ಮೇಲೆ ಕುಳಿತು ಕೇಳಿದ್ದನ್ನು ಹೇಳಬಹುದು. "ಇನ್ನೇನೈತ್ರೀ ಫಾದರ್, ದೇವರು ಕರಿಯೂತನಕ ಕುಂದರೂದು" ಎಂಬ ಮಾತನ್ನು ನಾನು ಅರವತ್ತೊಂದು ವಯಸ್ಸಿನ, ಗಟ್ಟಿಮುಟ್ಟಾದ ದೇಹದ ಮನುಷ್ಯರ ಬಾಯಿಂದ ಎಷ್ಟೋ ಸಲ ಕೇಳಿದ್ದೇನೆ. ಆ ಕರೆ ಇಪ್ಪತ್ತೈದು ವರ್ಷ ತಡವಾಗಿ ಬರಬಹುದೆಂಬ ಯೋಚನೆ ಅವರಿಗಿಲ್ಲ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ನಿವೃತ್ತಿ ಎಂಬುದು ನಮ್ಮಲ್ಲಿ ಎಲ್ಲರಿಗೂ ದೊರೆಯುವ ಭಾಗ್ಯವಲ್ಲ. ಗದ್ದೆಯಲ್ಲಿ ನಾಟಿ ಮಾಡುವ ತಾಯಂದಿರಿಗೆ ಬೀಳ್ಕೊಡುಗೆಯಿಲ್ಲ, ಸೊಂಟ ಬಾಗಿದ ದಿನವೇ ನಿವೃತ್ತಿ. ಮನೆಯಲ್ಲಿ ಅಡುಗೆ ಮಾಡುವ ಅಜ್ಜಿಗಂತೂ ಅದೂ ಇಲ್ಲ. ಆದ್ದರಿಂದ ಪಿಂಚಣಿಯ ಪುಸ್ತಕವಿರುವವರನ್ನು ಮಾತ್ರ ಮನಸ್ಸಿನಲ್ಲಿಟ್ಟು ನಾನು ಇದನ್ನು ಬರೆಯುತ್ತಿಲ್ಲ.

ನಮ್ಮ ಭಾಷೆಯ ಪದಗಳನ್ನೇ ನೋಡೋಣ. ವೃತ್ತಿ ಎಂದರೆ ಹೊಟ್ಟೆಪಾಡಿನ ಕಸುಬು. ಅದರಿಂದ ಹಿಂದೆ ಸರಿಯುವುದು ನಿವೃತ್ತಿ. ಆದರೆ ಅದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಪದವಿದೆ: ಪ್ರವೃತ್ತಿ. ಮನಸ್ಸು ತಾನಾಗಿಯೇ ಯಾವುದರ ಕಡೆಗೆ ಹರಿಯುತ್ತದೆಯೋ ಅದು ಪ್ರವೃತ್ತಿ. ವೃತ್ತಿ ಇದ್ದಾಗ ಪ್ರವೃತ್ತಿಗೆ ಪುರಸೊತ್ತಿರಲಿಲ್ಲ. ವೃತ್ತಿ ಹೋದಾಗ ಪುರಸೊತ್ತು ಬಂತು, ಪ್ರವೃತ್ತಿ ಎಲ್ಲಿತ್ತೆಂಬುದೇ ಮರೆತುಹೋಗಿತ್ತು. ನಾನು ಕಂಡ ಬಹುಪಾಲು ನಿವೃತ್ತರ ಸಂಕಟ ಇದೇ.

ಗುರುವಿದ್ಯಾಮಂದಿರದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ನಮಗೆ ಅರಿಸ್ಟಾಟಲನನ್ನು ಕಲಿಸಿದರು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದರಲ್ಲಿ ಒಂದು ವಿಚಾರ ಮಾತ್ರ ನನ್ನೊಡನೆ ಉಳಿದುಕೊಂಡಿದೆ. ಮನುಷ್ಯನು ದುಡಿಯಲೆಂದು ವಿರಮಿಸುವುದಿಲ್ಲ, ವಿರಾಮಕ್ಕಾಗಿ ದುಡಿಯುತ್ತಾನೆ ಎಂಬುದು ಅವನ ವಾದ. ಗ್ರೀಕರು ವಿರಾಮಕ್ಕೆ ಸ್ಖೊಲೆ ಎನ್ನುತ್ತಿದ್ದರು. ಇಂಗ್ಲಿಷರ ಸ್ಕೂಲು ಹುಟ್ಟಿದ್ದು ಆ ಪದದಿಂದ. ಎಂದರೆ ವಿರಾಮವೆಂಬುದು ಮಲಗುವ ಹೊತ್ತಲ್ಲ, ಕಲಿಯುವ ಹೊತ್ತು. 'ರಾಜನೀತಿ' ಗ್ರಂಥದ ಎಂಟನೆಯ ಭಾಗದಲ್ಲಿ ಮಕ್ಕಳಿಗೆ ಸಂಗೀತವನ್ನೇಕೆ ಕಲಿಸಬೇಕೆಂದು ಅವನು ವಿಚಾರಿಸುತ್ತಾನೆ. ಓದು ಬರಹ ಲೆಕ್ಕಪತ್ರಕ್ಕೆ ಬರುತ್ತದೆ, ಅಂಗಸಾಧನೆ ಆರೋಗ್ಯಕ್ಕೆ ಬರುತ್ತದೆ. ಸಂಗೀತ ಅಂತಹ ಯಾವ ಉಪಯೋಗಕ್ಕೂ ಬರುವುದಿಲ್ಲ. ವಿರಾಮವನ್ನು ಯೋಗ್ಯವಾಗಿ ಕಳೆಯಲೆಂದೇ ಹಿಂದಿನವರು ಅದನ್ನು ವಿದ್ಯೆಯೊಳಗೆ ಸೇರಿಸಿದರು ಎಂದು ಅವನ ತೀರ್ಮಾನ. ಜರ್ಮನಿಯ ಕಥೋಲಿಕ ದಾರ್ಶನಿಕ ಯೋಸೆಫ್ ಪೀಪರ್ 1948ರಲ್ಲಿ, ಯುದ್ಧದಿಂದ ಹಾಳಾದ ದೇಶವನ್ನು ಮತ್ತೆ ಕಟ್ಟುವ ಗಡಿಬಿಡಿಯ ನಡುವೆಯೇ, ವಿರಾಮವನ್ನು ಕುರಿತು ಒಂದು ಪುಟ್ಟ ಪುಸ್ತಕ ಬರೆದರು. ವಿರಾಮದ ಬೇರು ಆರಾಧನೆಯಲ್ಲಿದೆ, ಭಾನುವಾರವಿಲ್ಲದ ಮನುಷ್ಯನಿಗೆ ನಿಜವಾದ ಬಿಡುವೂ ಇಲ್ಲ ಎಂಬುದು ಅದರ ತಿರುಳು.

ಸಾಕ್ರಟೀಸನ ಪ್ರಸಂಗ ಇನ್ನೂ ಸ್ವಾರಸ್ಯವಾದುದು. ಸೆರೆಮನೆಯಲ್ಲಿ ಮರಣದಂಡನೆಗಾಗಿ ಕಾಯುತ್ತಿದ್ದ ಎಪ್ಪತ್ತರ ಆ ವೃದ್ಧ ಪದ್ಯ ಕಟ್ಟಲು ತೊಡಗಿದ್ದನೆಂದು ಪ್ಲೇಟೊ 'ಫೈಡೊ' ಸಂವಾದದಲ್ಲಿ ಹೇಳುತ್ತಾನೆ. ಜೀವನವಿಡೀ ಅವನಿಗೊಂದು ಕನಸು ಬೀಳುತ್ತಿತ್ತಂತೆ. ಸಂಗೀತವನ್ನು ಸಾಧಿಸು ಎಂದು ಅದು ಹೇಳುತ್ತಿತ್ತಂತೆ. ತತ್ತ್ವಜ್ಞಾನವೇ ಅತ್ಯುನ್ನತ ಸಂಗೀತವಲ್ಲವೇ, ಅದನ್ನು ಮಾಡುತ್ತಲೇ ಇದ್ದೇನಲ್ಲ ಎಂದು ಅವನು ಸಮಾಧಾನಪಟ್ಟುಕೊಂಡಿದ್ದ. ಕೊನೆಯ ದಿನಗಳಲ್ಲಿ ಸಂಶಯ ಬಂತು: ಕನಸು ಹೇಳಿದ್ದು ಸಾಮಾನ್ಯರ ಸಂಗೀತವನ್ನೇ ಆಗಿದ್ದರೆ? ಈಸೋಪನ ಕಥೆಗಳನ್ನು ಪದ್ಯಕ್ಕೆ ತಿರುಗಿಸಲು ಕುಳಿತ. ನನ್ನ ಕೆಲಸವೇ ನನ್ನ ಸಂಗೀತವೆಂದು ಮೂವತ್ತು ವರ್ಷ ಹೇಳಿಕೊಂಡು ಬಂದ ನಮ್ಮೆಲ್ಲರನ್ನೂ, ಧರ್ಮಗುರುಗಳನ್ನೂ ಸೇರಿಸಿ, ಈ ಸಂಶಯ ಒಂದು ದಿನ ಕಾಡಲೇಬೇಕು. ರೋಮಿನ ಸಿಸೆರೊ ಮುಪ್ಪನ್ನು ಕುರಿತು ಬರೆದ ಗ್ರಂಥದಲ್ಲಿ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿರುವ ಕೇಟೊ ಮಾತನಾಡುತ್ತಾನೆ. ಗ್ರೀಕ್ ಭಾಷೆಯನ್ನು ತಾನು ಮುಪ್ಪಿನಲ್ಲಿ ಕಲಿತೆನೆಂದು ಹೇಳಿಕೊಳ್ಳುತ್ತಾನೆ. ಲೂಕನ ಶುಭಸಂದೇಶದಲ್ಲಿ ಬಾಲಯೇಸುವನ್ನು ದೇವಾಲಯದಲ್ಲಿ ಗುರುತಿಸಿದ ಪ್ರವಾದಿನಿ ಅನ್ನಳಿಗೂ ಅದೇ ಎಂಬತ್ತನಾಲ್ಕು. ಆಕೆಯೂ ಮೂಲೆಯಲ್ಲಿ ಕುಳಿತು ಕರೆಗಾಗಿ ಕಾಯುತ್ತಿರಲಿಲ್ಲ.

ಗ್ರೀಸ್, ರೋಮುಗಳು ದೂರವೆನ್ನುವವರು ನಮ್ಮ ನಾಡನ್ನೇ ನೋಡಬಹುದು. ಪ್ರೊ. ಜಿ. ವೆಂಕಟಸುಬ್ಬಯ್ಯನವರು 1973ರಲ್ಲಿ ಕಾಲೇಜಿನಿಂದ ನಿವೃತ್ತರಾದರು. ಪದಗಳ ಅರ್ಥ ಕೇಳಿದವರಿಗೆಲ್ಲ ಉತ್ತರಿಸುವ 'ಇಗೋ ಕನ್ನಡ' ಅಂಕಣವನ್ನು ಪತ್ರಿಕೆಯಲ್ಲಿ ಆರಂಭಿಸಿದ್ದು 1991ರಲ್ಲಿ, ತಮ್ಮ ಎಪ್ಪತ್ತೆಂಟನೆಯ ವಯಸ್ಸಿನ ಹೊತ್ತಿಗೆ. 2021ರಲ್ಲಿ ತೀರಿಕೊಂಡಾಗ ಅವರಿಗೆ ನೂರೇಳು ವರ್ಷ. ಎ. ಎನ್. ಮೂರ್ತಿರಾಯರ 'ದೇವರು' 1991ರಲ್ಲಿ, ಅವರ ತೊಂಬತ್ತರ ಮೇಲೆ ಹೊರಬಂದಿತು. ಆ ಪುಸ್ತಕದ ನಿಲುವನ್ನು ನಾನು ಒಪ್ಪುವವನಲ್ಲ; ಆದರೆ ತೊಂಬತ್ತರಲ್ಲಿಯೂ ದೇವರ ವಿಷಯದಲ್ಲಿ ಅಷ್ಟು ನಿಷ್ಠೆಯಿಂದ ಜಗಳವಾಡಿದವರನ್ನು ದೇವರು ಕೈಬಿಟ್ಟಿರಲಾರನೆಂದು ನಂಬಿದವನು.

ಸಂಗೀತಕ್ಕೆ ಬಂದರೆ, ನಮ್ಮ ರಾಯಚೂರು ಸೀಮೆಯ ನೆನಪಿನಲ್ಲಿ ಒಂದು ಮನೆತನವಿದೆ. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನೂ ತುಂಗಭದ್ರೆಯ ದಡದಲ್ಲಿ ಪ್ರೇಮಾಯತನವನ್ನೂ ಕಟ್ಟಿದ ಪಂಡಿತ ತಾರಾನಾಥರ ಮಗ ರಾಜೀವ ತಾರಾನಾಥರು. 1932ರಲ್ಲಿ ಹುಟ್ಟಿದ ಅವರು ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದವರು. ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದ್ ಕೇಳಿ ಅವರ ಶಿಷ್ಯರಾದರು. 2009ರಲ್ಲಿ ಗುರುಗಳು ತೀರಿಕೊಳ್ಳುವವರೆಗೂ, ಎಂದರೆ ತಮಗೇ ಎಪ್ಪತ್ತಾರು ಆಗುವವರೆಗೂ, ಶಿಷ್ಯರಾಗಿಯೇ ಉಳಿದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2005ರವರೆಗೆ ಕಲಿಸಿ ಮೈಸೂರಿಗೆ ಬಂದ ಮೇಲೂ ಅವರ ಮನೆಯಲ್ಲಿ ಪಾಠ ನಡೆದೇ ಇತ್ತು. 2024ರ ಜೂನ್ ತಿಂಗಳಿನಲ್ಲಿ, ತೊಂಬತ್ತೊಂದನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಇವರೆಲ್ಲ ಮಹಾ ವಿದ್ವಾಂಸರು, ನಮ್ಮಂಥವರಿಗೆ ಇದು ಸಾಧ್ಯವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹಾಗಾದರೆ ವೃತ್ತಿಯಿಂದ ಸಂಗೀತಗಾರರಲ್ಲದ ಒಬ್ಬರನ್ನು ಹೆಸರಿಸುತ್ತೇನೆ. ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2013ರ ಫೆಬ್ರವರಿ 28ರಂದು, ಎಂಬತ್ತೈದನೆಯ ವಯಸ್ಸಿನಲ್ಲಿ, ತಮ್ಮ ಪದವಿಯನ್ನು ತ್ಯಜಿಸಿದರು. ವಾಟಿಕನ್ನಿನ ತೋಟದೊಳಗಿನ ಮಠದಲ್ಲಿ ಅವರ ಪ್ರಾರ್ಥನೆ, ಓದುಗಳ ಜೊತೆಗೆ ಒಂದು ಪಿಯಾನೊ ಇತ್ತು. ಬಾಲ್ಯದಿಂದ ಪ್ರೀತಿಸಿದ ಮೊಜಾರ್ಟನ ಸಂಗೀತವಿತ್ತು. ಅವರ ಅಣ್ಣ, ಗುರುಗಳಾದ ಗಿಯೋರ್ಗ್ ರಾಟ್ಸಿಂಗರ್, 1964ರಿಂದ ಮೂವತ್ತು ವರ್ಷ ರೇಗೆನ್ಸ್‌ಬುರ್ಗ್ ಪ್ರಧಾನಾಲಯದ ಬಾಲಕರ ಗಾಯಕವೃಂದವನ್ನು ನಡೆಸಿದವರು. ಲೋಕದ ಕಥೋಲಿಕರೆಲ್ಲರ ಹೊಣೆ ಹೊತ್ತಿದ್ದ ಮನುಷ್ಯನಿಗೇ ಪಿಯಾನೊದ ಮುಂದೆ ಕುಳಿತುಕೊಳ್ಳಲು ಸಂಕೋಚವಾಗಲಿಲ್ಲ. ನಮ್ಮ ನಿವೃತ್ತ ಮುಖ್ಯೋಪಾಧ್ಯಾಯರಿಗೆ ಮಾತ್ರ ಮಕ್ಕಳ ಮುಂದೆ ಸರಿಗಮ ಹಾಡಲು ನಾಚಿಕೆ!

ವೈದ್ಯರ ಸಾಕ್ಷ್ಯವನ್ನು ಬಯಸುವವರಿಗಾಗಿ ಒಂದು ಅಧ್ಯಯನವನ್ನು ಹೇಳಬಹುದು. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ ಎಪ್ಪತ್ತೈದು ದಾಟಿದ 469 ಮಂದಿಯನ್ನು ವರ್ಷಗಳ ಕಾಲ ಗಮನಿಸಿ ಬರೆದ ವರದಿ 2003ರಲ್ಲಿ ಪ್ರಕಟವಾಯಿತು. ಓದುವವರು, ಚದುರಂಗದಂತಹ ಮಣೆಯಾಟ ಆಡುವವರು, ವಾದ್ಯ ನುಡಿಸುವವರು, ನೃತ್ಯ ಮಾಡುವವರು, ಇವರಲ್ಲಿ ಮರೆಗುಳಿ ರೋಗ ಕಡಿಮೆ ಕಂಡಿತು. ವಾದ್ಯದಿಂದ ಆರೋಗ್ಯ ಬಂತೋ, ಆರೋಗ್ಯವಿದ್ದುದರಿಂದ ವಾದ್ಯ ಹಿಡಿದರೋ ಎಂಬುದನ್ನು ಅಂತಹ ಅಧ್ಯಯನ ಪೂರ್ತಿಯಾಗಿ ಬಿಡಿಸಿ ಹೇಳಲಾರದು; ಎರಡು ಸಂಗತಿಗಳು ಜೊತೆಗಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲವೆಂದು ತರ್ಕಶಾಸ್ತ್ರದ ಮೊದಲ ಪಾಠದಲ್ಲಿಯೇ ಕಲಿಸುತ್ತಾರೆ. ನನಗಂತೂ ಗುಳಿಗೆಯ ಬದಲು ಹಾಡು ಎಂಬ ವಾದ ಅಷ್ಟಾಗಿ ರುಚಿಸುವುದಿಲ್ಲ. ಹಾಡಿಗೆ ಹಾಡೇ ಫಲ.

ನಮ್ಮ ಹಳ್ಳಿಗಳು ಇದನ್ನು ಅರಿತಿದ್ದವು. ಹಗಲೆಲ್ಲ ಹೊಲದಲ್ಲಿ ದುಡಿದ ಅಜ್ಜಂದಿರು ರಾತ್ರಿ ಗುಡಿಯ ಕಟ್ಟೆಯ ಮೇಲೆ ತಾಳ, ದಮ್ಮಡಿ, ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದರು; ಇಂದಿಗೂ ಕೆಲವೆಡೆ ಹಾಡುತ್ತಾರೆ. ಹದಿನಾರನೆಯ ಶತಮಾನದಲ್ಲಿಯೇ ಕ್ರೈಸ್ತ ವಿಶ್ವಾಸ ಬೇರೂರಿದ ಮುದಗಲ್ಲಿನಲ್ಲಿ ಮೊಹರಂ ಪದಗಳನ್ನು ಕೇಳಿದವರಿಗೆ ಗೊತ್ತು, ಮುಪ್ಪಿನ ಗಂಟಲಿಗೆ ಎಂತಹ ಕಸುವಿದೆಯೆಂಬುದು. ಹೆಣ್ಣುಮಕ್ಕಳಿಗೆ ಬೀಸುವ ಪದ, ಸೋಬಾನೆ ಪದ. ಹಿಟ್ಟಿನ ಗಿರಣಿ ಬಂದಿತು, ಬೀಸುಕಲ್ಲು ಹಿತ್ತಲಿಗೆ ಹೋಯಿತು, ಪದ ಅಜ್ಜಿಯ ಎದೆಯಲ್ಲಿ ಉಳಿಯಿತು. ಅದನ್ನು ಹೊರಗೆ ಕರೆಯುವವರಿಲ್ಲ. ಅಜ್ಜಿ ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವಾಗ ಗುನುಗುವುದನ್ನು ಮೊಮ್ಮಗಳು ಒಂದು ವಹಿಯಲ್ಲಿ ಬರೆದುಕೊಂಡರೆ ಇಬ್ಬರಿಗೂ ರಜಾದಿನಗಳು ಸಾರ್ಥಕ. ಆದರೆ ಮನೆಗಳಲ್ಲಿ ನಾನು ಕಾಣುವುದು ಬೇರೆ. ಹಿರಿಯರೆಂದರೆ ಮೊಮ್ಮಕ್ಕಳನ್ನು ಶಾಲೆಯ ವಾಹನಕ್ಕೆ ಹತ್ತಿಸುವವರು, ಗ್ಯಾಸ್ ಸಿಲಿಂಡರ್ ಬರುವ ದಿನ ಮನೆ ಕಾಯುವವರು. ಸಂಜೆ ಎರಡು ಗಂಟೆ ನನ್ನ ಪಾಡಿಗೆ ನನ್ನನ್ನು ಬಿಡಿ ಎಂದು ಅವರು ಕೇಳಿದರೆ, ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಮಕ್ಕಳು ನಗುತ್ತಾರೆ. ಎರಡನೆಯ ಜಾನ್ ಪಾಲರು 1999ರಲ್ಲಿ, ತಾವೇ ಎಪ್ಪತ್ತೊಂಬತ್ತರ ವೃದ್ಧರಾಗಿ, ಲೋಕದ ಹಿರಿಯರಿಗೆಲ್ಲ ಪತ್ರ ಬರೆದರು. ಜಗದ್ಗುರು ಫ್ರಾನ್ಸಿಸರು 2021ರಿಂದ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ದಿನವೆಂದು ಸಾರಿದರು. ಆ ಭಾನುವಾರ ನಾವು ಹಿರಿಯರಿಗೆ ಗುಲಾಬಿ ಕೊಡುತ್ತೇವೆ. ಸೋಮವಾರ ಮತ್ತೆ ಸಿಲಿಂಡರ್.

ಇಷ್ಟೆಲ್ಲ ಹೇಳುವ ಅಧಿಕಾರ ನನಗಿದೆಯೇ ಎಂದರೆ, ಇಲ್ಲ. ಆ ಸಂಗತಿಯನ್ನು ಬರೆಯಲೆಂದೇ ಈ ಲೇಖನಕ್ಕೆ ಕೈಹಾಕಿದೆ.

ಹತ್ತು ಹನ್ನೆರಡು ವರ್ಷಗಳ ಹಿಂದೆ ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದೆ. ಅಲ್ಲಿನ ಗಾಯಕವೃಂದಕ್ಕೆ ಮೂವತ್ತು ವರ್ಷಗಳಿಂದ ಹಾರ್ಮೋನಿಯಂ, ನಮ್ಮ ಕಡೆಯ ಮಾತಿನಲ್ಲಿ ಪೇಟಿ, ನುಡಿಸುತ್ತಿದ್ದವರು ಪ್ರಾಥಮಿಕ ಶಾಲೆಯಿಂದ ನಿವೃತ್ತರಾದ ಒಬ್ಬ ಮಾಸ್ತರರು. ಯಾರ ಬಳಿಯೂ ಕಲಿತವರಲ್ಲ, ಕೇಳಿ ಕೇಳಿ ನುಡಿಸುವವರು. 1963ರ ವಾಟಿಕನ್ ಮಹಾಸಭೆಯ ದೈವಾರಾಧನೆಯ ದಸ್ತಾವೇಜು ಆಯಾ ನಾಡಿನ ಸಂಗೀತಕ್ಕೆ ಆರಾಧನೆಯಲ್ಲಿ ಸ್ಥಾನ ಕೊಟ್ಟ ಮೇಲೆ ಪೇಟಿ, ತಬಲಾ, ಢೋಲಕಿಗಳು ನಮ್ಮ ದೇವಾಲಯಗಳೊಳಗೆ ಧೈರ್ಯವಾಗಿ ಬಂದವಷ್ಟೆ. ಮಾಸ್ತರರು ಆ ಕಾಲದವರು. ಯುವಕರಿಗೆ ಅದು ಸಾಲಲಿಲ್ಲ. ತಾಳ ತಾನೇ ಹಾಕುವ ಕೀಬೋರ್ಡ್ ಬೇಕೆಂದರು. ನಾನು ಚಂದಾ ಎತ್ತಿಸಿ ಕೊಡಿಸಿದೆ. ಧರ್ಮಕೇಂದ್ರದ ಹಬ್ಬದ ದಿನ ಮಾಸ್ತರರಿಗೆ ಶಾಲು ಹೊದಿಸಿ, ಬಹಳ ಸೇವೆ ಮಾಡಿದ್ದೀರಿ, ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಎಂದೆ. ಜನ ಚಪ್ಪಾಳೆ ತಟ್ಟಿದರು. ಅದು ಗೌರವವೆಂದೇ ನಾನು ತಿಳಿದಿದ್ದೆ.

ಅಂದಿನಿಂದ ಅವರು ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ ಕುಳಿತರು. ಪರಮಪ್ರಸಾದದ ಗೀತೆಯ ಹೊತ್ತಿಗೆ ಬಲಿಪೀಠದಿಂದ ನನಗೆ ಅವರ ಎಡಗೈ ಕಾಣುತ್ತಿತ್ತು. ತೊಡೆಯ ಮೇಲೆ ಅದು ಹಿಂದಕ್ಕೆ ಮುಂದಕ್ಕೆ ಆಡುತ್ತಿತ್ತು, ಗಾಳಿ ಹಾಕುವ ಹಾಗೆ. ಮೊದಲ ಭಾನುವಾರವೇ ಅದನ್ನು ಕಂಡೆ. ಎರಡು ವರ್ಷ ಏನೂ ಮಾಡಲಿಲ್ಲ.

ಅವರ ಧರ್ಮಪತ್ನಿಗೆ ಅಸ್ವಸ್ಥರ ಅಭ್ಯಂಗ ಕೊಡಲು ಮನೆಗೆ ಹೋದ ದಿನ ಪೇಟಿಯನ್ನು ನೋಡಿದೆ. ಮಂಚದ ಕೆಳಗಿತ್ತು, ಅದರ ಮೇಲೆ ಜೋಳದ ಚೀಲ. ಕೇಳಿದರೆ, "ತಿದಿ ಇಲಿ ಕಡದಾವ್ರೀ ಫಾದರ್" ಎಂದಷ್ಟೇ ಹೇಳಿದರು. ಈ ವಾದ್ಯದ ಹಣೆಬರಹವೇ ಹಾಗೆ. 1842ರಲ್ಲಿ ಪ್ಯಾರಿಸಿನಲ್ಲಿ ಪೇಟೆಂಟ್ ಪಡೆದು, ಕಲ್ಕತ್ತೆಯಲ್ಲಿ ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ಗಾಳಿ ಹಾಕುವ ರೂಪ ತಾಳಿ, ದೇಶವೆಲ್ಲ ತಿರುಗಿದ ಇದಕ್ಕೆ 1940ರಿಂದ ಮೂರು ದಶಕ ಆಕಾಶವಾಣಿ ಬಾಗಿಲು ಮುಚ್ಚಿತ್ತು. ಮೀಂಡ್, ಶ್ರುತಿಗಳು ಬಾರದ ಪರದೇಶಿ ಪೆಟ್ಟಿಗೆಯೆಂಬುದು ಆಪಾದನೆ. ಆಪಾದನೆಯಲ್ಲಿ ಸತ್ಯವೂ ಇತ್ತು. ಆದರೂ ಭಜನೆಯ ಕಟ್ಟೆಗಳಲ್ಲಿ, ನಾಟಕದ ಕಂಪನಿಗಳಲ್ಲಿ, ನಮ್ಮ ದೇವಾಲಯಗಳಲ್ಲಿ ಪೇಟಿ ನುಡಿಯುತ್ತಲೇ ಇದ್ದಿತು, ಕೊನೆಗೆ ಆಕಾಶವಾಣಿಯೂ ಬಾಗಿಲು ತೆರೆಯಿತು.

ಪೇಟಿಯನ್ನು ದುರಸ್ತಿ ಮಾಡಿಸಿದೆ. ಗಾಯಕವೃಂದಕ್ಕೆ ಮರಳಿ ಬನ್ನಿ ಎಂದು ಕೈಮುಗಿದು ಕೇಳಿದೆ. ಬರುವುದಿಲ್ಲವೆಂದರು. "ಅಲ್ಲಿ ಹುಡುಗರದು ನಡದೈತಿ, ನಡೀಲಿ. ನಂದೊಂದು ಬ್ಯಾರೇನ ಐತಿ ಫಾದರ್. ಇಷ್ಟು ವರ್ಷ ಬಾರಸೀನಿ, ಯಾವ ರಾಗ ಅಂತ ಗೊತ್ತಿಲ್ಲ. ಒಮ್ಮೆ ನೆಟ್ಟಗ ಕಲೀಬೇಕು." ಆಗ ಅವರಿಗೆ ಎಪ್ಪತ್ತಮೂರು. ನನ್ನ ಕ್ಷಮಾಪಣೆಗೆ ಅವರಿಂದ ಬೇರೆ ಉತ್ತರ ಬರಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.

ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವರೊಬ್ಬರು ಆ ಊರಿನಲ್ಲಿ ಪಾಠ ಹೇಳುತ್ತಿದ್ದರು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಸಾವಿರಾರು ಬಡಮಕ್ಕಳಿಗೆ ಅನ್ನ, ಸ್ವರ ಎರಡನ್ನೂ ಉಣಿಸಿದ ಆಶ್ರಮ ಅದು. 2010ರಲ್ಲಿ ತೀರಿಕೊಂಡ ಪುಟ್ಟರಾಜರು ತೊಂಬತ್ತಾರರವರೆಗೆ ಬಾಳಿದರು. ಆ ಶಿಕ್ಷಕರಿಗೆ ಪುರಸೊತ್ತಿರಲಿಲ್ಲ. ಜೂನಿಯರ್ ಪರೀಕ್ಷೆ ಮುಗಿಸಿದ ತಮ್ಮ ಶಿಷ್ಯೆಯೊಬ್ಬಳನ್ನು ಮಾಸ್ತರರಿಗೆ ಗೊತ್ತುಮಾಡಿದರು. ಹತ್ತೊಂಬತ್ತರ ಹುಡುಗಿ. ವಾರಕ್ಕೆ ಎರಡು ಸಂಜೆ.

ನನಗೆ ವರ್ಗವಾದ ಮೇಲೆ ಒಮ್ಮೆ ಆ ದಾರಿಯಲ್ಲಿ ಹೋಗುವಾಗ ಇಳಿದು ಅವರ ಮನೆಗೆ ಹೋದೆ. ಪಾಠ ನಡೆದಿತ್ತು. ಅವರು ನನ್ನನ್ನು ನೋಡಿ ಏಳಲು ಹೋದರು, ಹುಡುಗಿ ಬಿಡಲಿಲ್ಲ. ಹೊಸ್ತಿಲ ಬಳಿ ಕುಳಿತು ಕೇಳಿದೆ. ಭೂಪ ರಾಗದ ಆರೋಹ. ಸಾ ರೀ ಗಾ, ಅಲ್ಲಿಂದ ನೇರ ಪಂಚಮಕ್ಕೆ ಹೋಗಬೇಕು. ಮೂವತ್ತು ವರ್ಷ ಸ್ತುತಿಗೀತೆ ನುಡಿಸಿದ ಬೆರಳು ಪ್ರತಿ ಸಲವೂ ನಡುವಿನ ಮನೆಯನ್ನು ಮುಟ್ಟಿಬಿಡುತ್ತಿತ್ತು.

"ಅಜ್ಜಾರ, ಭೂಪಕ್ಕ ಮಧ್ಯಮ ಇಲ್ಲ. ಎಷ್ಟು ಸಲ ಹೇಳಬೇಕ್ರೀ?"

ಮಾಸ್ತರರು ನನ್ನ ಕಡೆಗೆ ತಿರುಗಿದರು. ಮುಖವೆಲ್ಲ ನಗು. "ನಲವತ್ತು ವರ್ಷ ಮಕ್ಕಳನ್ನ ಬೈದೀನಿ ಫಾದರ್. ಈಗ ದಿನಾ ಬೈಸ್ಕೊಳ್ಳಾಕತ್ತೀನಿ" ಎಂದು ಹೇಳಿ, ಎಡಗೈಯಿಂದ ಗಾಳಿ ಹಾಕಿ, ಮತ್ತೆ ಸಾದಿಂದ ಹಿಡಿದರು.